ಸೋವಿಯಾದ ಲಿನಕ್ಸ್ ಕಂಪ್ಯೂಟರು: ಭಾಗಗಳನ್ನು ಆರಿಸಿಕೊಳ್ಳುವ ಬಗೆ

ಬೆಳಗಾವಿಯ ರವಿವಾರ ಪೇಟೆಗೆ ಕಾಳುಕಡಿ ಕೊಳ್ಳಲು ಹೋದ ಗೃಹಿಣಿಯು ಚೀಲದ ಮೇಲಿನ ಅಚ್ಚನ್ನು ನೋಡಿ ಹಣ ಕೊಡುವದಿಲ್ಲ. ಚೀಲದೊಳಗೆ ಕೈಯಿಕ್ಕಿ ಒಂದು ಹಿಡಿ ಕಾಳನ್ನು ಹೊರತೆಗೆದು, ಅಂಗೈಯಲ್ಲಿ ಹರಡಿ, ಹುಳುಕೆಷ್ಟು, ಹರಳೆಷ್ಟು, ಮಾಲು ಈ ಸುಗ್ಗಿಯದೋ ಹೋದ ಸುಗ್ಗಿಯದೋ ಎಂಬುದನ್ನು ನೋಡಿ, ಎರಡು ಕಾಳನ್ನು ಬಾಯಿಗೂ ಹಾಕಿಕೊಂಡು, ಆಮೇಲೆ ಧಾರಣೆಯ ಮಾತನ್ನು ತೆಗೆಯುತ್ತಾಳೆ. ಆದರೆ ಅದೇ ಗೃಹಿಣಿಯು ಮಗಳಿಗೊಂದು ಕಂಪ್ಯೂಟರು ಕೊಡಿಸಬೇಕಾದಾಗ ಈ ಜಾಣ್ಮೆಯನ್ನೆಲ್ಲ ಮನೆಯಲ್ಲಿಯೇ ಇಟ್ಟು ಹೋಗುತ್ತಾಳೆ. ಅಂಗಡಿಯವರು ಹೇಳಿದ ಹೆಸರುಗಳು ಅವಳಿಗೆ ಮಂತ್ರಗಳಂತೆ ಕೇಳಿಸುತ್ತವೆ. ಕೇಳಿದಷ್ಟನ್ನು ಕೊಟ್ಟು ಬರುತ್ತಾಳೆ. ಕಂಪ್ಯೂಟರನ್ನೂ ಕಾಳಿನಂತೆಯೇ ಪರೀಕ್ಷಿಸಿ ಕೊಳ್ಳಬಹುದೆಂಬುದನ್ನು ತಿಳಿಯಪಡಿಸುವದೇ ಈ ಲೇಖನದ ಉದ್ದೇಶವು.

ಇದನ್ನು ಬರೆಯಲು ಒಂದು ಪ್ರಸಂಗವು ಕಾರಣವಾಯಿತು. ೨೦೨೫ರ ದೀಪಾವಳಿಯ ಸುಮಾರಿಗೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗಳೊಡನೆ ನಮ್ಮಲ್ಲಿಗೆ ಬಂದಳು. ಅವಳ ಮನೆಯವರದು ರವಿವಾರ ಪೇಟೆಯಲ್ಲಿ ಚಿಕ್ಕದೊಂದು ಕಿರಾಣಿ ವ್ಯಾಪಾರ. ಮಗಳು ಪಿಯುಸಿ ಮೊದಲನೆಯ ವರ್ಷದಲ್ಲಿದ್ದಳು. ಮನೆಯಲ್ಲಿ ೨೦೧೪ರಲ್ಲಿ ಕೊಂಡ ಕಂಪ್ಯೂಟರೊಂದಿತ್ತು. ಅದನ್ನು ದುರಸ್ತಿಗೆ ಒಯ್ದಾಗ, "ಇದರಲ್ಲಿ ಇನ್ನು ಹುರುಳಿಲ್ಲ, ಇದರ ವಿಂಡೋಸಿನ ಆಯುಷ್ಯ ಮುಗಿಯಿತು, ಹೊಸದು ಈ ಯಂತ್ರಕ್ಕೆ ಹತ್ತುವದಿಲ್ಲ, ಹೊಸ ಕಂಪ್ಯೂಟರನ್ನೇ ತೆಗೆದುಕೊಳ್ಳಿರಿ" ಎಂದು ಒಬ್ಬರು ಹೇಳಿದ್ದರಂತೆ. ತಾಯಿಯು ಎರಡು ವರ್ಷ ಭಿಶಿ ಕಟ್ಟಿ ಕೂಡಿಸಿದ ಹಣವನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಬಂದಿದ್ದಳು. ಆ ಹಣವು ಮಗಳ ಮುಂದಿನ ವರ್ಷದ ಫೀಗಾಗಿ ಇಟ್ಟದ್ದು. "ಅಕ್ಕಾವರೇ, ಈ ಪೆಟ್ಟಿಗೆಯನ್ನು ಮೋಡಕಾದವನಿಗೆ ಹಾಕಿಬಿಡಲೇ?" ಎಂದು ಕೇಳಿದಳು. ಅವಳಿಗೆ ನಾವು ಕೊಟ್ಟ ಉತ್ತರವನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತೇವೆ. ಏಕೆಂದರೆ ಅದೇ ಪ್ರಶ್ನೆಯು ಇಂದು ಅನೇಕ ಪಾಲಕರ ಮುಂದೆ ನಿಂತಿದೆ.

ಅಂಗಡಿಯವರ ಮಾತು ಪೂರ್ತಿ ಸುಳ್ಳಲ್ಲ. ವಿಂಡೋಸ್ ೧೦ಕ್ಕೆ ಸುಧಾರಣೆಗಳನ್ನು ಒದಗಿಸುವದನ್ನು ಮೈಕ್ರೋಸಾಫ್ಟ್ ಕಂಪನಿಯು ೨೦೨೫ರ ಅಕ್ಟೋಬರ ೧೪ಕ್ಕೆ ನಿಲ್ಲಿಸಿತು. ಹೆಸರು ನೋಂದಿಸಿದವರಿಗೆ ಮಾತ್ರ ಇನ್ನೊಂದು ವರ್ಷದ ಅವಧಿಯನ್ನು ಕೊಟ್ಟಿತು. ಅದರ ಮುಂದಿನದಾದ ವಿಂಡೋಸ್ ೧೧ಕ್ಕೆ ಇಂಟೆಲ್ ಪ್ರೊಸೆಸರಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದಾದರೂ ಬೇಕು. ಇವಳ ಯಂತ್ರದಲ್ಲಿದ್ದದ್ದು ನಾಲ್ಕನೆಯ ಪೀಳಿಗೆಯದು. ಆದರೆ ವಿಂಡೋಸು ಒಲ್ಲೆನೆಂದ ಮಾತ್ರಕ್ಕೆ ಯಂತ್ರವು ಸತ್ತಿತೆಂದು ತಿಳಿಯುವದು ತಪ್ಪು. ಅದನ್ನು ನಡೆಯಿಸುವ ಬೇರೊಂದು ವ್ಯವಸ್ಥೆಯುಂಟು. ಅದೇ ಲಿನಕ್ಸ್.

೧. ಲಿನಕ್ಸ್ ಎಂದರೇನು?

ಕಂಪ್ಯೂಟರಿನ ಲೋಹದ ಭಾಗಗಳು ತಾವಾಗಿ ಏನನ್ನೂ ಮಾಡಲಾರವು. ಅವುಗಳಿಂದ ಕೆಲಸ ಮಾಡಿಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ವಿಂಡೋಸು ಅಂಥದೊಂದು, ಲಿನಕ್ಸು ಇನ್ನೊಂದು. ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು ೧೯೯೧ರಲ್ಲಿ ಇದರ ತಿರುಳನ್ನು ಬರೆದನು. ಅವನು ಅದನ್ನು ಬರೆದದ್ದು ಕಂತಿನ ಮೇಲೆ ಕೊಂಡ ಒಂದು ಕಂಪ್ಯೂಟರಿನ ಮೇಲೆ. ಅದರಲ್ಲಿದ್ದ ಸ್ಮರಣೆ ಕೇವಲ ೪ ಮೆಗಾಬೈಟು. ಅದಕ್ಕೂ ಮೊದಲೇ, ೧೯೮೩ರಲ್ಲಿ, ಅಮೇರಿಕೆಯ ರಿಚರ್ಡ್ ಸ್ಟಾಲ್ಮನ್ನರು ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶವನ್ನು ನಿರ್ಮಿಸುವ ಗ್ನೂ ಎಂಬ ಕಾರ್ಯವನ್ನು ಸಾರಿದ್ದರು. ಈ ಎರಡೂ ಕೂಡಿ ಇಂದಿನ ವ್ಯವಸ್ಥೆಯಾಯಿತು. ಡೆಬಿಯನ್, ಉಬುಂಟು, ಲಿನಕ್ಸ್ ಮಿಂಟ್ ಮುಂತಾದವು ಅದರ ಬೇರೆ ಬೇರೆ ಕಟ್ಟುಗಳು; ಒಂದೇ ಹಿಟ್ಟಿನಿಂದ ಬೇರೆ ಬೇರೆ ಮನೆಗಳಲ್ಲಿ ಬೇರೆ ಬೇರೆ ಅಡಿಗೆ ಆಗುವಂತೆ. ಮನೆಯ ಬಳಕೆಗೆ ಇವುಗಳಿಗೆ ಹಣ ಕೊಡಬೇಕಾಗಿಲ್ಲ.

ಬಡತನಕ್ಕೆ ಒದಗಿದ ಎರಡನೆಯ ದರ್ಜೆಯ ಸಾಧನವಿದೆಂದು ಯಾರೂ ಭಾವಿಸಬಾರದು. ನೆರೆಯ ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವದು ಲಿನಕ್ಸಿನ ಮೇಲೆಯೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅವರಲ್ಲಿ ಸೇರಿದ್ದಾರೆ. ಬೆಂಗಳೂರಿನ ಸುದರ್ಶನ ಲೇಔಟೆಂಬ ಕೊಳೆಗೇರಿಯಲ್ಲಿ ಸ್ವತಂತ್ರ ತಂತ್ರಾಂಶದ ಸ್ವಯಂಸೇವಕರು ಅಂಬೇಡ್ಕರರ ಹೆಸರಿನಲ್ಲಿ ನಡೆಯಿಸಿದ ಕಂಪ್ಯೂಟರು ಕೇಂದ್ರದಲ್ಲಿ, ದಾನವಾಗಿ ಬಂದ ಯಂತ್ರಗಳ ಮೇಲೆ, ಕೂಲಿಕಾರರ ಮಕ್ಕಳು ಚಿತ್ರ ಬರೆಯುವದನ್ನೂ ಲೆಕ್ಕ ಮಾಡುವದನ್ನೂ ಕಲಿತರು. ಹಳೆಯ ಯಂತ್ರವು ಕಲಿಯುವವರಿಗೆ ಅಡ್ಡಿಯಾಗಲಿಲ್ಲ.

೨. ಮೊದಲು ಕೆಲಸ, ಆಮೇಲೆ ಯಂತ್ರ

ಮನೆಯಲ್ಲಿ ನಾಲ್ಕು ಮಂದಿ ಇರುವಾಗ ಯಾರೂ ಲಗ್ನದ ಮನೆಯ ಹಂಡೆಯನ್ನು ಕೊಳ್ಳುವದಿಲ್ಲ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು, ಈ ಯಂತ್ರದಿಂದ ಆಗಬೇಕಾದ ಕೆಲಸಗಳ ತಪಶೀಲನ್ನು ಕಾಗದದ ಮೇಲೆ ಬರೆದುಕೊಳ್ಳಿರಿ. ಪತ್ರ ಮತ್ತು ಪ್ರಬಂಧಗಳನ್ನು ಬರೆಯುವದು, ಅಂತರಜಾಲದಲ್ಲಿ ಪಾಠಗಳನ್ನು ನೋಡುವದು, ಲೆಕ್ಕದ ಕೋಷ್ಟಕ, ಗಣಿತದ ಆಕೃತಿಗಳು, ಅಲ್ಪಸ್ವಲ್ಪ ಪ್ರೋಗ್ರಾಮಿಂಗ್, ಚಿತ್ರಕಲೆ: ವಿದ್ಯಾರ್ಥಿನಿಯ ಕೆಲಸಗಳು ಬಹುಮಟ್ಟಿಗೆ ಇಷ್ಟೇ. ಇವೆಲ್ಲಕ್ಕೂ ಲಿನಕ್ಸಿನಲ್ಲಿ ಉಚಿತವಾದ ಸಾಧನಗಳುಂಟು. ಬರವಣಿಗೆಗೆ ಮತ್ತು ಕೋಷ್ಟಕಕ್ಕೆ ಲಿಬ್ರೆಆಫೀಸ್, ಅಂತರಜಾಲಕ್ಕೆ ಫೈರ್‌ಫಾಕ್ಸ್, ಗಣಿತಕ್ಕೆ ಜಿಯೋಜೀಬ್ರಾ, ಚಿತ್ರಗಳಿಗೆ ಗಿಂಪ್ ಮತ್ತು ಇಂಕ್‌ಸ್ಕೇಪ್ ಇವು ಮುಖ್ಯವಾದವು.

ಆದರೆ ಲಿನಕ್ಸಿನಿಂದ ಆಗದ ಕೆಲಸಗಳನ್ನೂ ಹೇಳದಿದ್ದರೆ ನಾವು ಪ್ರಾಮಾಣಿಕರಾಗಲಾರೆವು. ಪೇಟೆಯ ವ್ಯಾಪಾರಸ್ಥರು ಲೆಕ್ಕ ಇಡುವ ಟ್ಯಾಲಿ ಎಂಬ ತಂತ್ರಾಂಶವು ಬೆಂಗಳೂರಿನ ಕಂಪನಿಯದೇ ಆಗಿದ್ದರೂ ವಿಂಡೋಸಿಗಾಗಿಯೇ ನಿರ್ಮಿತವಾದದ್ದು. ಅಂಗಡಿಯ ಲೆಕ್ಕವೂ ಮಗಳ ಅಭ್ಯಾಸವೂ ಒಂದೇ ಯಂತ್ರದ ಮೇಲೆ ನಡೆಯಬೇಕಾಗಿದ್ದರೆ ಲಿನಕ್ಸೊಂದನ್ನೇ ನಂಬಬಾರದು. ತೆರಿಗೆಯ ಕಾಗದಗಳಿಗೆ ಡಿಜಿಟಲ್ ಸಹಿ ಹಾಕುವ ಕೆಲವು ಉಪಕರಣಗಳು, ಅಡೋಬಿ ಕಂಪನಿಯ ಫೋಟೋಶಾಪು, ಕೆಲವು ಆಟಗಳು, ಕೆಲವು ಪರೀಕ್ಷೆಗಳಿಗೆ ಹಾಕಿಕೊಳ್ಳಬೇಕಾದ ವಿಶೇಷ ತಂತ್ರಾಂಶಗಳು, ಇವೂ ತೊಂದರೆ ಕೊಡುತ್ತವೆ. ನಿಮ್ಮ ತಪಶೀಲಿನಲ್ಲಿ ಇಂಥದು ಯಾವದಾದರೂ ಇದ್ದರೆ ಮೊದಲೇ ವಿಚಾರಿಸಿಕೊಳ್ಳಿರಿ. ಕೊಂಡ ಮೇಲೆ ಪಶ್ಚಾತ್ತಾಪಪಡುವದರಿಂದ ಫಲವಿಲ್ಲ.

೩. ಭಾಗಗಳು

ಈಗ ಯಂತ್ರದ ಒಳಗನ್ನು ನೋಡೋಣ. ಬೆಲೆಗಳನ್ನು ನಾವು ಬರೆಯುವದಿಲ್ಲ. ಏಕೆಂದರೆ ಈ ಸಾಮಾನುಗಳ ಧಾರಣೆಯು ರವಿವಾರ ಪೇಟೆಯ ಉಳ್ಳಾಗಡ್ಡಿಯ ಧಾರಣೆಯಂತೆ ಏರಿಳಿಯುತ್ತಿರುತ್ತದೆ. ೨೦೨೫ರ ಕೊನೆಯಲ್ಲಿ, ಕೃತಕ ಬುದ್ಧಿಯ ದೊಡ್ಡ ಕೇಂದ್ರಗಳು ಸ್ಮರಣೆಯ ಚಿಪ್ಪುಗಳನ್ನು ರಾಶಿಗಟ್ಟಲೆ ಕೊಂಡದ್ದರಿಂದ, ರ‍್ಯಾಮಿನ ಬೆಲೆ ಜಗತ್ತಿನಲ್ಲೆಲ್ಲ ಒಮ್ಮೆಲೇ ಏರಿತು. ಆದುದರಿಂದ ಬೆಲೆಯನ್ನು ಕಲಿಯುವದಕ್ಕಿಂತ ಆರಿಸುವ ಬಗೆಯನ್ನು ಕಲಿಯುವದು ಲೇಸು.

ಮೊದಲನೆಯದು ಸಂಗ್ರಹ. ಹಳೆಯ ಕಂಪ್ಯೂಟರು ಆಮೆಯಂತೆ ನಡೆಯುವದಕ್ಕೆ ಹೆಚ್ಚಾಗಿ ಹಾರ್ಡ್ ಡಿಸ್ಕೇ ಕಾರಣವು. ಅದರೊಳಗೆ ನಿಮಿಷಕ್ಕೆ ೫,೪೦೦ ಅಥವಾ ೭,೨೦೦ ಸುತ್ತು ತಿರುಗುವ ತಟ್ಟೆಗಳೂ, ಅವುಗಳ ಮೇಲೆ ಅತ್ತಿತ್ತ ಓಡಾಡುವ ಸೂಜಿಯಂಥ ತೋಳೂ ಇರುತ್ತವೆ. ಒಂದೊಂದು ಕಡತವನ್ನು ಹುಡುಕುವಾಗಲೂ ಆ ತೋಳು ಸ್ಥಳ ಬದಲಿಸಬೇಕು. ಎಸ್‌ಎಸ್‌ಡಿ ಎಂಬುದರಲ್ಲಿ ತಿರುಗುವ ಭಾಗವೇ ಇಲ್ಲ. ಎಲ್ಲವೂ ಚಿಪ್ಪುಗಳಲ್ಲಿಯೇ ಇರುತ್ತದೆ. ಆದ್ದರಿಂದ ಕೇಳಿದ್ದು ಕೂಡಲೆ ಸಿಗುತ್ತದೆ. ಹತ್ತು ವರ್ಷದ ಹಳೆಯ ಯಂತ್ರಕ್ಕೆ ಮಾಡಬಹುದಾದ ಒಂದೇ ಉಪಕಾರವೆಂದರೆ ಇದು. ವಿದ್ಯಾರ್ಥಿನಿಗೆ ೨೪೦ ಅಥವಾ ೨೫೬ ಜಿಬಿಯದು ಸಾಕು. ಹಳೆಯ ಯಂತ್ರಗಳಿಗೆ ಸಾಟಾ ತಂತಿಯಿಂದ ಜೋಡಿಸುವ ಚಪ್ಪಟೆ ಪೆಟ್ಟಿಗೆಯಂಥದು ಬೇಕು; ಹೊಸ ಮದರ್‌ಬೋರ್ಡುಗಳಲ್ಲಿ ಎನ್‌ವಿಎಂಇ ಎಂಬ ಪಟ್ಟಿಯಂಥದು ಕೂಡುತ್ತದೆ. ಹಳೆಯ ಹಾರ್ಡ್ ಡಿಸ್ಕನ್ನು ಬಿಸಾಡಬೇಡಿರಿ. ಚಿತ್ರಗಳನ್ನೂ ಪಾಠಗಳ ಪ್ರತಿಗಳನ್ನೂ ಇಡಲು ಅದು ಕಣಜವಾಗುತ್ತದೆ.

ಎರಡನೆಯದು ರ‍್ಯಾಮು. ಇದು ಅಡಿಗೆಮನೆಯ ಕಟ್ಟೆಯಿದ್ದಂತೆ. ಕಟ್ಟೆ ಚಿಕ್ಕದಾದರೆ ಹೆಜ್ಜೆಹೆಜ್ಜೆಗೂ ಪಾತ್ರೆಗಳನ್ನು ಎತ್ತಿಡಬೇಕಾಗುತ್ತದೆ. ಲಿನಕ್ಸ್ ಮಿಂಟಿನ ೨೨ನೆಯ ಆವೃತ್ತಿಗೆ ಅದನ್ನು ರಚಿಸಿದವರು ಹೇಳುವ ಕನಿಷ್ಠ ಪ್ರಮಾಣ ೨ ಜಿಬಿ. ಸುಖವಾಗಿ ನಡೆಯಲು ೪ ಜಿಬಿ. ಆದರೆ ಇಂದಿನ ಅಂತರಜಾಲದ ಪುಟಗಳೇ ಭಾರವಾಗಿರುವದರಿಂದ ೮ ಜಿಬಿಯನ್ನು ಗುರಿಯಾಗಿಟ್ಟುಕೊಳ್ಳಬೇಕೆಂದು ನಮ್ಮ ಸಲಹೆ. ಡಿಡಿಆರ್೩, ಡಿಡಿಆರ್೪, ಡಿಡಿಆರ್೫ ಎಂಬ ಮೂರು ತರದ ರ‍್ಯಾಮುಗಳು ಒಂದರ ಸ್ಥಾನದಲ್ಲಿ ಇನ್ನೊಂದು ಕೂಡ್ರಲಾರವು. ನಿಮ್ಮ ಮದರ್‌ಬೋರ್ಡು ಯಾವದನ್ನು ಬೇಡುವದೆಂದು ನೋಡಿಯೇ ಕೊಳ್ಳತಕ್ಕದ್ದು.

ಮೂರನೆಯದು ಪ್ರೊಸೆಸರು. ಜನರು ಮೋಸಹೋಗುವದು ಇಲ್ಲಿಯೇ ಹೆಚ್ಚು. "ಇದು ಐ೫" ಎಂದರೆ ಸಾಲದು. ಯಾವ ಸುಗ್ಗಿಯ ಐ೫ ಎಂದು ಕೇಳಬೇಕು. ಇಂಟೆಲ್ಲಿನ ಈ ಪ್ರೊಸೆಸರುಗಳ ಹೆಸರಿನಲ್ಲಿ ಅಡ್ಡಗೆರೆಯ ನಂತರ ಬರುವ ಅಂಕಿಯು ಪೀಳಿಗೆಯನ್ನು ತಿಳಿಸುತ್ತದೆ. ಐ೫-೨೪೦೦ ಎಂಬುದು ಎರಡನೆಯ ಪೀಳಿಗೆಯದು, ೨೦೧೧ರದು; ಐ೫-೪೫೭೦ ನಾಲ್ಕನೆಯದು, ೨೦೧೩ರದು; ಐ೩-೮೧೦೦ ಎಂಟನೆಯದು, ೨೦೧೭ರದು; ಐ೫-೧೨೪೦೦ ಎಂಬುದು ಹನ್ನೆರಡನೆಯದು. ಹೆಸರಿನಲ್ಲಿ ಚಿಕ್ಕದಾದ ಐ೩-೮೧೦೦ವು ಹೆಸರಿನಲ್ಲಿ ದೊಡ್ಡದಾದ ಐ೫-೨೪೦೦ನ್ನು ಹಿಂದೆ ಹಾಕುತ್ತದೆ. ಲಿನಕ್ಸಿಗೆ ನಾಲ್ಕನೆಯ ಪೀಳಿಗೆಯಿಂದ ಮುಂದಿನ ಯಾವದಾದರೂ ಸಾಕು. ಆದರೆ ೩೨ ಬಿಟ್ಟಿನ ಅತಿ ಹಳೆಯ ಯಂತ್ರಗಳಿಗೆ ಹಣ ಹಾಕಬೇಡಿರಿ. ಹಳೆಯದನ್ನು ಬಹುಕಾಲ ಸಲಹಿದ ಡೆಬಿಯನ್ ಕೂಡ ೨೦೨೫ರ ಆಗಸ್ಟಿನಲ್ಲಿ ಬಂದ ತನ್ನ ೧೩ನೆಯ ಆವೃತ್ತಿಯಿಂದ ಅಂಥ ಯಂತ್ರಗಳಿಗೆ ಸ್ಥಾಪನೆಯ ಪ್ರತಿಯನ್ನು ಕೊಡುವದನ್ನು ನಿಲ್ಲಿಸಿತು. ಲಿನಕ್ಸಿನ ತಾಳ್ಮೆಯು ದೊಡ್ಡದು. ಆದರೆ ಅದಕ್ಕೂ ಮಿತಿಯುಂಟು.

ನಾಲ್ಕನೆಯದು ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸು. ಇದನ್ನು ಕುರಿತು ನಮಗಾದ ಪೆಟ್ಟನ್ನೇ ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಗಾಗಿ ಹೊಸ ಭಾಗಗಳನ್ನು ಕೂಡಿಸಿ ಯಂತ್ರ ಮಾಡಿಸಿದೆವು. ಒಂದೇ ತರದ ಎರಡು ಪ್ರೊಸೆಸರುಗಳಲ್ಲಿ ಒಂದು ಸ್ವಲ್ಪ ಸೋವಿಯಾಗಿತ್ತು. ಅದರ ಹೆಸರಿನ ಕೊನೆಗೆ ಎಫ್ ಅಕ್ಷರವಿತ್ತು. ಸೋವಿಯೆಂದು ಹಿಗ್ಗಿ ಅದನ್ನೇ ತಂದೆವು. ಎಲ್ಲವನ್ನೂ ಜೋಡಿಸಿ ಗುಂಡಿ ಒತ್ತಿದರೆ ಪಂಖ ತಿರುಗಿತು, ದೀಪ ಹತ್ತಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಇಂಟೆಲ್ಲಿನಲ್ಲಿ ಎಫ್ ಎಂದರೆ ಒಳಗೆ ಗ್ರಾಫಿಕ್ಸು ಇಲ್ಲವೆಂದು ಅರ್ಥವೆಂಬುದು ಆಮೇಲೆ ತಿಳಿಯಿತು. ಬಿಚ್ಚಿದ ಪೆಟ್ಟಿಗೆಯನ್ನು ಅಂಗಡಿಯಲ್ಲಿ ಮರಳಿ ತೆಗೆದುಕೊಳ್ಳಲಿಲ್ಲ. ಪ್ರತ್ಯೇಕ ಕಾರ್ಡು ತಂದು, ಉಳಿಸಿದ್ದಕ್ಕಿಂತ ಹೆಚ್ಚು ಕಳೆದುಕೊಂಡೆವು. ಎಎಂಡಿ ಕಂಪನಿಯ ರೈಜನ್ನಿನಲ್ಲಿ ಇದಕ್ಕೆ ಪ್ರತಿಯಾಗಿ ಹೆಸರಿನ ಕೊನೆಗೆ ಜಿ ಅಕ್ಷರವಿದ್ದರೆ ಒಳಗೆ ಒಳ್ಳೆಯ ಗ್ರಾಫಿಕ್ಸು ಇರುತ್ತದೆ. ಆಟವಾಡುವದು ಉದ್ದೇಶವಲ್ಲದಿದ್ದರೆ ಒಳಗಿನ ಗ್ರಾಫಿಕ್ಸೇ ಉತ್ತಮ. ಇಂಟೆಲ್ ಮತ್ತು ಎಎಂಡಿಗಳಿಗೆ ಬೇಕಾದ ಚಾಲಕ ತಂತ್ರಾಂಶವು ಲಿನಕ್ಸಿನೊಳಗೇ ಬಂದಿರುತ್ತದೆ. ಎನ್‌ವಿಡಿಯಾ ಕಾರ್ಡುಗಳಿಗೆ ಕಂಪನಿಯು ಕೊಡುವ ಚಾಲಕವನ್ನು ಹಾಕಿದರೆ ಅವು ಚೆನ್ನಾಗಿ ನಡೆಯುತ್ತವೆ; ಆದರೆ ಹಳೆಯ ಕಾರ್ಡುಗಳಿಗೆ ಕಂಪನಿಯು ಕಾಲಕ್ರಮದಲ್ಲಿ ಅದನ್ನು ಕೊಡುವದನ್ನು ನಿಲ್ಲಿಸುತ್ತದೆ. ಹಳೆಯ ಯಂತ್ರಕ್ಕೆ ಹಳೆಯ ಎನ್‌ವಿಡಿಯಾ ಕಾರ್ಡನ್ನು ಬೇಕೆಂದು ಕೊಳ್ಳುವದು ಜಾಣತನವಲ್ಲ.

ಐದನೆಯದು ವೈಫೈ. ತಂತಿಯಿಂದ ಬರುವ ಅಂತರಜಾಲವು ಲಿನಕ್ಸಿನಲ್ಲಿ ಹೆಚ್ಚು ಕಡಿಮೆ ಯಾವಾಗಲೂ ತಾನಾಗಿ ನಡೆಯುತ್ತದೆ. ವೈಫೈಯಲ್ಲಿ ಇಂಟೆಲ್ಲಿನ ಕಾರ್ಡುಗಳು ನಂಬಿಕೆಗೆ ತಕ್ಕವು. ಬೆರಳಿನಷ್ಟು ಚಿಕ್ಕ ಯುಎಸ್‌ಬಿ ವೈಫೈ ಕಡ್ಡಿಗಳಲ್ಲಿ ಮಾತ್ರ ಎಚ್ಚರ ಬೇಕು. ಒಂದೇ ಹೆಸರಿನ, ಒಂದೇ ಪೆಟ್ಟಿಗೆಯ ಕಡ್ಡಿಯೊಳಗೆ ಒಂದು ವರ್ಷ ಒಂದು ಚಿಪ್ಪು, ಮರುವರ್ಷ ಇನ್ನೊಂದು ಚಿಪ್ಪು ಇರುವದುಂಟು. "ಲಿನಕ್ಸಿನಲ್ಲಿ ನಡೆಯದಿದ್ದರೆ ಮರಳಿ ತೆಗೆದುಕೊಳ್ಳುವಿರಾ?" ಎಂದು ಮೊದಲೇ ಕೇಳಿ, ಒಪ್ಪಿದರೆ ಮಾತ್ರ ಕೊಳ್ಳಿರಿ. ಮುದ್ರಣ ಯಂತ್ರದ ಮಾತೂ ಇದೇ. ಮೊಬೈಲಿನಿಂದ ವೈಫೈ ಮೂಲಕ ನೇರವಾಗಿ ಮುದ್ರಿಸಬಲ್ಲ ಹೊಸ ಯಂತ್ರಗಳು ಲಿನಕ್ಸಿನೊಡನೆ ಸಾಮಾನ್ಯವಾಗಿ ಸಮಾಧಾನದಿಂದ ಬಾಳುತ್ತವೆ. ತಮ್ಮದೇ ಗುಪ್ತ ಭಾಷೆಯನ್ನಾಡುವ ಹಳೆಯ ಸೋವಿ ಲೇಸರ್ ಯಂತ್ರಗಳು ಕಾಡುತ್ತವೆ.

ಆರನೆಯದು ವಿದ್ಯುತ್ತನ್ನು ಹಂಚುವ ಪವರ್ ಸಪ್ಲೈ ಪೆಟ್ಟಿಗೆ. ಯಾರ ಕಣ್ಣಿಗೂ ಬೀಳದ ಭಾಗವಾದ್ದರಿಂದ ಅಂಗಡಿಯಲ್ಲಿ ಉಳಿತಾಯವನ್ನು ಇದರಲ್ಲಿಯೇ ತೋರಿಸುತ್ತಾರೆ. ಅದರ ಮೇಲೆ ೪೫೦ ವ್ಯಾಟೆಂದು ಅಚ್ಚಾಗಿದ್ದ ಮಾತ್ರಕ್ಕೆ ಅಷ್ಟನ್ನು ಕೊಡುತ್ತದೆಂದು ನಂಬಲಾಗದು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲದ ವಿದ್ಯಾರ್ಥಿನಿಯ ಯಂತ್ರವು ಬೇಡುವದು ಅಲ್ಪವೇ. ಆದ್ದರಿಂದ ದೊಡ್ಡ ಅಂಕಿಯ ಹಗುರಾದ ಪೆಟ್ಟಿಗೆಗಿಂತ ಚಿಕ್ಕ ಅಂಕಿಯ, ಹೆಸರುವಾಸಿಯಾದ, ೮೦ ಪ್ಲಸ್ ಮುದ್ರೆಯುಳ್ಳ ಪೆಟ್ಟಿಗೆಯು ಮೇಲು. ಇದು ಕೆಟ್ಟರೆ ತಾನೊಂದೇ ಕೆಡುವದಿಲ್ಲ. ಮದರ್‌ಬೋರ್ಡನ್ನೂ ಸಂಗಡ ಕರೆದೊಯ್ಯಬಹುದು.

ಮಾನಿಟರನ್ನು ಕುರಿತು ಒಂದೇ ಮಾತು. ಹಳೆಯ ಮಾನಿಟರಿಗೆ ವಿಜಿಎ ತಂತಿಯೊಂದೇ ಇರುವದುಂಟು. ಹೊಸ ಯಂತ್ರಗಳಲ್ಲಿ ಎಚ್‌ಡಿಎಂಐ ಅಥವಾ ಡಿಸ್ಪ್ಲೇಪೋರ್ಟು ಮಾತ್ರ ಇರಬಹುದು. ಎರಡರ ಬಾಯಿಗಳೂ ಹೊಂದುತ್ತವೆಯೇ ಎಂದು ಕೊಳ್ಳುವ ಮೊದಲೇ ನೋಡಬೇಕು.

ಒಟ್ಟಾರೆ ನಮ್ಮ ಸೂತ್ರವಿದು. ಹಣ ಕಡಿಮೆ ಬಿದ್ದರೆ ಮೊದಲು ಪ್ರೊಸೆಸರಿನಲ್ಲಿ ಕಡಿಮೆ ಮಾಡಿರಿ. ರ‍್ಯಾಮಿನಲ್ಲಿ ಮತ್ತು ಎಸ್‌ಎಸ್‌ಡಿಯಲ್ಲಿ ಕಡಿಮೆ ಮಾಡಬೇಡಿರಿ. ಪವರ್ ಸಪ್ಲೈಯಲ್ಲಿ ಎಂದಿಗೂ ಕಡಿಮೆ ಮಾಡಬೇಡಿರಿ.

೪. ಹಳೆಯದೋ, ಹೊಸದೋ?

ದೊಡ್ಡ ಕಚೇರಿಗಳು ಕೆಲವು ವರ್ಷ ಬಳಸಿ ತೆಗೆದುಹಾಕಿದ ಡೆಲ್, ಎಚ್‌ಪಿ, ಲೆನೊವೊ ಯಂತ್ರಗಳು ಮಾರಾಟಕ್ಕೆ ಬರುತ್ತವೆ. ಗಟ್ಟಿಮುಟ್ಟಾಗಿ ಕಟ್ಟಿದ ಇವು, ನಮ್ಮ ಅಭಿಪ್ರಾಯದಲ್ಲಿ, ಕಡಿಮೆ ಹಣದವರಿಗೆ ಎಲ್ಲಕ್ಕಿಂತ ಉತ್ತಮವಾದ ದಾರಿ. ಆದರೆ ಇವುಗಳಲ್ಲಿ ಅನೇಕವು, ಅದರಲ್ಲಿಯೂ ಚಿಕ್ಕ ಗಾತ್ರದವು, ಆ ಕಂಪನಿಯದೇ ಆದ ವಿಚಿತ್ರ ಅಳತೆಯ ಪವರ್ ಸಪ್ಲೈಯನ್ನೂ ಮದರ್‌ಬೋರ್ಡನ್ನೂ ಹೊಂದಿರುತ್ತವೆ. ಅವು ಕೆಟ್ಟರೆ ಪೇಟೆಯ ಸಾಮಾನ್ಯ ಭಾಗವು ಕೂಡುವದಿಲ್ಲ. ಕೊಳ್ಳುವಾಗ ಮುಚ್ಚಳ ತೆಗೆಸಿ ಒಳಗೆ ನೋಡಿರಿ: ಮದರ್‌ಬೋರ್ಡಿನ ಮೇಲಿನ ಚಿಕ್ಕ ಉರುಳೆಗಳ ತಲೆ ಉಬ್ಬಿರಬಾರದು, ಪಂಖವು ಕರಕರ ಎನ್ನಬಾರದು, ಬಯಾಸಿಗೆ ಹಿಂದಿನ ಕಚೇರಿಯವರು ಹಾಕಿದ ಗುಪ್ತಪದ ಉಳಿದಿರಬಾರದು. ಗಡಿಯಾರವು ಪ್ರತಿದಿನ ಹಿಂದೆ ಬೀಳುತ್ತಿದ್ದರೆ ಹೆದರಬೇಕಾಗಿಲ್ಲ. ನಾಣ್ಯದಂಥ ಸಿಆರ್೨೦೩೨ ಬ್ಯಾಟರಿಯನ್ನು ಬದಲಿಸಿದರೆ ಸಾಕು.

ಹೊಸದೇ ಬೇಕೆನ್ನುವವರಿಗೆ ಅಂಗೈಯಗಲದ ಚಿಕ್ಕ ಯಂತ್ರಗಳುಂಟು. ೨೦೨೩ರಲ್ಲಿ ಬಂದ ಇಂಟೆಲ್ ಎನ್೧೦೦ ಎಂಬ ಪ್ರೊಸೆಸರು ನಾಲ್ಕು ಕೋರುಗಳದು. ಅದಕ್ಕೆ ಗೊತ್ತುಪಡಿಸಿದ ವಿದ್ಯುತ್ತು ಕೇವಲ ೬ ವ್ಯಾಟು. ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಮಕ್ಕಳ ಕಲಿಕೆಗೆಂದು ಹುಟ್ಟಿ ೨೦೧೨ರಲ್ಲಿ ಮಾರಾಟಕ್ಕೆ ಬಂದ ರಾಸ್ಪ್‌ಬೆರಿ ಪೈ ಎಂಬುದೂ ಲಿನಕ್ಸಿನ ಮೇಲೆಯೇ ನಡೆಯುತ್ತದೆ. ಪ್ರಯೋಗಗಳಿಗೆ ಅದು ಅತ್ಯುತ್ತಮ. ಆದರೆ ಪೆಟ್ಟಿಗೆ, ಕಾರ್ಡು, ವಿದ್ಯುತ್ ಸಾಧನಗಳನ್ನು ಕೂಡಿಸಿದಾಗ ಅದು ಮೊದಲು ಕಂಡಷ್ಟು ಸೋವಿಯಾಗಿ ಉಳಿಯುವದಿಲ್ಲ.

೫. ಮಳೆ, ಸಿಡಿಲು ಮತ್ತು ವಿದ್ಯುತ್ತು

ನಮ್ಮ ಸೀಮೆಯ ಹವೆಯನ್ನು ಮರೆತು ಯಂತ್ರವನ್ನು ಆರಿಸಲಾಗದು. ನಮ್ಮ ವಿದ್ಯಾರ್ಥಿನಿಯರಲ್ಲಿ ಖಾನಾಪುರದ ಕಡೆಯವರು ಅನೇಕರಿದ್ದಾರೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸೀಮೆಯಲ್ಲಿ ಮಳೆಗಾಲವೆಂದರೆ ತಿಂಗಳುಗಟ್ಟಲೆ ಹಂಚಿನ ಮೇಲಿನ ಸದ್ದು ನಿಲ್ಲದ ಕಾಲ. ಗೋಡೆ ಬೆವರುತ್ತದೆ, ಪುಸ್ತಕಗಳಿಗೆ ಬೂಸಲು ಹಿಡಿಯುತ್ತದೆ. ಅಲ್ಲಿ ಕಂಪ್ಯೂಟರನ್ನು ನೆಲದ ಮೇಲೆ ಇಡಬಾರದು, ಗೋಡೆಗೆ ತಾಗಿಸಬಾರದು, ಮುಚ್ಚಿ ವಾರಗಟ್ಟಲೆ ಬಿಡಬಾರದು. ದಿನಕ್ಕೊಮ್ಮೆ ಸ್ವಲ್ಪ ಹೊತ್ತು ನಡೆಯಿಸಿದರೆ ಅದರ ಬಿಸಿಯೇ ಒಳಗಿನ ತೇವವನ್ನು ಓಡಿಸುತ್ತದೆ.

ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳ ಗುಡುಗು ಸಿಡಿಲು ಇನ್ನೂ ಹೆಚ್ಚಿನ ಅಪಾಯ. ಖಾನಾಪುರದ ಕಡೆಯ ಒಂದು ಮನೆಯವರು ಗುಡುಗಿದ ಕೂಡಲೆ ವಿದ್ಯುತ್ತಿನ ಪ್ಲಗ್ಗನ್ನು ಕಿತ್ತಿದ್ದರು. ಆದರೂ ಯಂತ್ರದ ಅಂತರಜಾಲದ ಬಾಯಿ ಸುಟ್ಟುಹೋಯಿತು. ಸಿಡಿಲಿನ ಶಕ್ತಿಯು ಅಂತರಜಾಲದ ತಂತಿಯಿಂದ ಒಳಗೆ ಬಂದಿತ್ತು. ಆದ್ದರಿಂದ ಎರಡೂ ತಂತಿಗಳನ್ನು ಕೀಳಬೇಕು. ಮನೆಯ ಅರ್ಥಿಂಗು ಸರಿಯಾಗಿದೆಯೇ ಎಂದು ತಿಳಿದವರಿಂದ ನೋಡಿಸಬೇಕು. ಚಿಕ್ಕದೊಂದು ಯುಪಿಎಸ್ ಇಟ್ಟುಕೊಂಡರೆ ವಿದ್ಯುತ್ತು ಹೋದಾಗ ಕೆಲವು ನಿಮಿಷ ಸಿಗುತ್ತವೆ. ಬರೆದದ್ದನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ಮುಚ್ಚಲು ಅಷ್ಟು ಸಾಕು.

೬. ಹಣ ಕೊಡುವ ಮೊದಲಿನ ಪರೀಕ್ಷೆ

ಈಗ ಹಿಡಿ ಕಾಳಿನ ಪರೀಕ್ಷೆಗೆ ಬರೋಣ. ಲಿನಕ್ಸಿನಲ್ಲಿ ಒಂದು ದೊಡ್ಡ ಅನುಕೂಲವಿದೆ. ಅದನ್ನು ಪೆನ್ ಡ್ರೈವಿನಲ್ಲಿ ತುಂಬಿಕೊಂಡು ಹೋಗಿ, ಯಂತ್ರದೊಳಗೆ ಏನನ್ನೂ ಸ್ಥಾಪಿಸದೆಯೇ, ಅಲ್ಲಿಯೇ ನಡೆಯಿಸಿ ನೋಡಬಹುದು. ಯಂತ್ರದೊಳಗೆ ಮೊದಲಿದ್ದದ್ದಕ್ಕೆ ಯಾವ ಧಕ್ಕೆಯೂ ಇಲ್ಲ. ಮನೆಯಿಂದ ಹೊರಡುವ ಮೊದಲು ಯಾರಾದರೂ ತಿಳಿದವರಿಂದ ೮ ಜಿಬಿಯ ಪೆನ್ ಡ್ರೈವಿನಲ್ಲಿ ಲಿನಕ್ಸ್ ಮಿಂಟನ್ನು ತುಂಬಿಸಿಕೊಳ್ಳಿರಿ. ಅಂಗಡಿಯಲ್ಲಿ ಅದರಿಂದ ಯಂತ್ರವನ್ನು ಚಾಲೂ ಮಾಡಿಸಿ ಇಷ್ಟನ್ನು ನೋಡಿರಿ: ಪರದೆಯು ಅದರ ಪೂರ್ಣ ಸ್ಪಷ್ಟತೆಯಲ್ಲಿ ಕಾಣುತ್ತದೆಯೇ, ಧ್ವನಿ ಬರುತ್ತದೆಯೇ, ವೈಫೈ ಹತ್ತುತ್ತದೆಯೇ, ಎಲ್ಲ ಯುಎಸ್‌ಬಿ ಬಾಯಿಗಳೂ ಕೆಲಸ ಮಾಡುತ್ತವೆಯೇ, ವ್ಯವಸ್ಥೆಯ ವಿವರಗಳ ಪುಟದಲ್ಲಿ ಪ್ರೊಸೆಸರು ಮತ್ತು ರ‍್ಯಾಮು ಹೇಳಿದಷ್ಟೇ ಇವೆಯೇ. ಇದಕ್ಕೆ ಕಾಲು ಗಂಟೆಗಿಂತ ಹೆಚ್ಚು ಬೇಕಾಗದು. ಇದಕ್ಕೆ ಒಪ್ಪದ ಅಂಗಡಿಯನ್ನು, ಚೀಲದೊಳಗೆ ಕೈಯಿಕ್ಕಗೊಡದ ಅಂಗಡಿಯಂತೆಯೇ, ನಮಸ್ಕರಿಸಿ ಬಿಟ್ಟು ಬರಬೇಕು.

೭. ಕನ್ನಡದ ಮಾತು

"ಅದರಲ್ಲಿ ಕನ್ನಡ ಬರುವದೇ?" ಎಂದು ಪಾಲಕರು ಕೇಳುತ್ತಾರೆ. ಚೆನ್ನಾಗಿ ಬರುತ್ತದೆ, ಪ್ರತ್ಯೇಕ ಕೀಲಿಮಣೆಯನ್ನು ಕೊಳ್ಳಬೇಕಾಗಿಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಸಂಕೇತ ಕೊಡುವ ಯೂನಿಕೋಡಿನಲ್ಲಿ ಕನ್ನಡವು ೧೯೯೧ರ ಮೊದಲನೆಯ ಆವೃತ್ತಿಯಿಂದಲೇ ಇದೆ; ಲಿನಕ್ಸು ಹುಟ್ಟಿದ್ದೂ ಅದೇ ವರ್ಷ. ಐಬಸ್ ಎಂಬ ಸಾಧನವನ್ನೂ ಅದರ ಎಂ೧೭ಎನ್ ಸಂಗ್ರಹವನ್ನೂ ಹಾಕಿಕೊಂಡರೆ, ಕೆ. ಪಿ. ರಾಯರು ರೂಪಿಸಿದ, ನುಡಿ ತಂತ್ರಾಂಶದಿಂದ ನಮ್ಮಲ್ಲಿ ರೂಢಿಯಾದ ಕೀಲಿವಿನ್ಯಾಸದಲ್ಲಿಯೇ ಬರೆಯಬಹುದು. ಒಂದು ಎಚ್ಚರಿಕೆ ಮಾತ್ರ ಬೇಕು. ಹಿಂದೆ ನುಡಿ, ಬರಹಗಳಲ್ಲಿ ಹಳೆಯ ಸಂಕೇತದಲ್ಲಿ ಬರೆದಿಟ್ಟ ಕಡತಗಳು ಹಾಗೆಯೇ ತೆರೆದರೆ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸುವ ಉಚಿತ ಸಾಧನಗಳುಂಟು. ಹಳೆಯ ಯಂತ್ರವನ್ನು ಬಿಡುವ ಮೊದಲೇ ಆ ಕೆಲಸವನ್ನು ಮುಗಿಸಿಕೊಳ್ಳುವದು ಒಳ್ಳೆಯದು.

ಇನ್ನು ಆ ತಾಯಿ ಮಗಳ ಸಂಗತಿ. ಅವರ ಪೆಟ್ಟಿಗೆಯ ಮುಚ್ಚಳವನ್ನು ಮಗಳ ಕೈಯಿಂದಲೇ ತೆಗೆಯಿಸಿದೆವು. ಹತ್ತು ವರ್ಷಗಳ ಧೂಳು ತುಂಬಿತ್ತು. ಮೃದುವಾದ ಕುಂಚದಿಂದ ಅದನ್ನು ತೆಗೆದಳು. ಪ್ರೊಸೆಸರು ಐ೫-೪೫೭೦, ಅದರಲ್ಲಿ ಯಾವ ದೋಷವೂ ಇರಲಿಲ್ಲ. ರ‍್ಯಾಮು ೪ ಜಿಬಿ ಇತ್ತು. ಇನ್ನೊಂದು 'ಡಿಡಿಆರ್೩' ಪಟ್ಟಿಯನ್ನು ಹಾಕಿ ೮ ಮಾಡಿದೆವು. ೨೪೦ ಜಿಬಿಯ ಎಸ್‌ಎಸ್‌ಡಿಯೊಂದನ್ನು ಕೂಡ್ರಿಸಿದೆವು. ತಂದೆಯವರ ಟ್ಯಾಲಿಯು ಅಂಗಡಿಯ ಬೇರೆ ಯಂತ್ರದಲ್ಲಿದ್ದುದರಿಂದ ಆ ತೊಡಕಿರಲಿಲ್ಲ. ಮೊದಲು ಪೆನ್ ಡ್ರೈವಿನಿಂದ ನಡೆಯಿಸಿ ನೋಡಿ, ಎಲ್ಲವೂ ಸರಿಯಾಗಿದ್ದುದರಿಂದ ಲಿನಕ್ಸ್ ಮಿಂಟನ್ನು ಸ್ಥಾಪಿಸಿದೆವು. ನಾಲ್ಕು ನಿಮಿಷಕ್ಕೆ ಏಳುತ್ತಿದ್ದ ಯಂತ್ರವು ಅರ್ಧ ನಿಮಿಷದೊಳಗೆ ಎದ್ದು ನಿಂತಿತು. ತಾಯಿಯ ಹಣದಲ್ಲಿ ಸ್ವಲ್ಪ ಭಾಗವು ಈ ಎರಡು ಭಾಗಗಳಿಗೂ ಚಿಕ್ಕದೊಂದು ಯುಪಿಎಸ್ಸಿಗೂ ಖರ್ಚಾಯಿತು. ಉಳಿದದ್ದನ್ನು ಅವಳು ಹಾಗೆಯೇ ಗಂಟು ಕಟ್ಟಿಕೊಂಡು ಮನೆಗೆ ಒಯ್ದಳು. ಮಗಳ ಫೀಯ ಹಣವು ಉಳಿಯಿತು.

ಅದಕ್ಕಿಂತಲೂ ಹೆಚ್ಚಿನ ಲಾಭವೊಂದಾಯಿತೆಂದು ನಮಗೆ ತೋರುತ್ತದೆ. ಆ ಹುಡುಗಿಯು ರ‍್ಯಾಮಿನ ಪಟ್ಟಿಯನ್ನು ತಾನೇ ಒತ್ತಿ ಕೂಡ್ರಿಸಿದಾಗ ಎರಡೂ ತುದಿಗಳ ಚಿಲಕ ಟಕ್ಕೆಂದು ಮುಚ್ಚಿತು. ಅವಳು ತಲೆಯೆತ್ತಿ ನಕ್ಕಳು. ಆಮೇಲೆ ತನ್ನ ಗೆಳತಿಯೊಬ್ಬಳ ಮನೆಯ ಯಂತ್ರವನ್ನೂ ಹೀಗೆಯೇ ಸರಿಪಡಿಸಿಕೊಟ್ಟಳೆಂದು ತಾಯಿಯು ಹೇಳಿ ಕಳುಹಿಸಿದಳು. ಮುಚ್ಚಳದ ಒಳಗೆ ಏನಿದೆಯೆಂದು ಬಲ್ಲವಳನ್ನು ಯಾರೂ ಸುಲಭವಾಗಿ ಮೋಸಗೊಳಿಸಲಾರರು. ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪಾಲಕರೂ ತಮ್ಮ ಮನೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತ ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಅದರ ಮುಚ್ಚಳವನ್ನು ತೆಗೆದು ನೋಡಬೇಕೆಂದೂ, ಆಗ ಮಗಳನ್ನು ಹತ್ತಿರ ಕೂಡ್ರಿಸಿಕೊಳ್ಳಬೇಕೆಂದೂ ನಮ್ಮ ವಿನಂತಿ.